ನೋವು ಹೋಯಿತು, ಕಾಲು ಸರಿಯಾಗಲಿಲ್ಲ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ವಾಚನಾಲಯದಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಸೊಂಟನೋವಿನ ಬಗ್ಗೆ ಮಾತಾಡಿ ಅಂತ ಸಮಿತಿಯವರು ಕೇಳಿದ್ದರು. ನಾನೇ ಬೇಡ ಅಂದೆ. ಸೊಂಟಕ್ಕೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಮಂಡಿಗೂ ಇದ್ದಾರೆ. ಕಾಲು ಮತ್ತು ಪಾದದ ನಡುವಿನ ಈ ಹರಡು ಇದೆಯಲ್ಲ, ಇದನ್ನು ಕೇಳುವವರೇ ಇಲ್ಲ. ನೋವು ಬಂದರೆ "ಉಳುಕಿದ್ದು, ಹೋಗ್ತದೆ" ಅಂತ ಬಿಟ್ಟುಬಿಡುತ್ತೇವೆ. ಆಮೇಲೆ ಆರು ತಿಂಗಳು ಕುಂಟುತ್ತೇವೆ.

ನಮ್ಮ ಊರು ಹರಡಿಗೆ ಒಳ್ಳೆಯ ಊರಲ್ಲ. ಮನೆ ಗುಡ್ಡದಲ್ಲಿ, ತೋಟ ತಗ್ಗಿನಲ್ಲಿ. ನಡುವೆ ಮುರಕಲ್ಲಿನ ಮೆಟ್ಟಿಲು. ಒಂದರ ಎತ್ತರ ಇನ್ನೊಂದಕ್ಕಿಲ್ಲ. ತೋಟಕ್ಕೆ ಇಳಿದರೆ ಹತ್ತು ಹೆಜ್ಜೆಗೊಂದು ಕಣಿ ದಾಟಬೇಕು. ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಜೂನ್ ಬಂತೆಂದರೆ ಎಲ್ಲದರ ಮೇಲೂ ಪಾಚಿ. ಸೋಗೆಯ ಅಡಿಯಲ್ಲಿ ಅಡಗಿರುವ ಒಂದು ಅಡಿಕೆಯ ಮೇಲೆ ಕಾಲಿಟ್ಟರೆ ಸಾಕು, ಪಾದ ಒಳಕ್ಕೆ ಮಡಚಿ ನೀವು ನೆಲದಲ್ಲಿ.

ಉಳುಕಿದ ದಿನ ನನ್ನ ಹತ್ತಿರ ಯಾರೂ ಬರುವುದಿಲ್ಲ. ನಾಲ್ಕೈದು ತಿಂಗಳು ಕಳೆದ ಮೇಲೆ ಬರುತ್ತಾರೆ. ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಆಗ ಸ್ವಲ್ಪ ಉಳುಕಿತ್ತು. ಎಣ್ಣೆ ಹಚ್ಚಿದೆ, ಸರಿಯಾಗಿತ್ತು. ಈಗ ಮತ್ತೆ ಅದೇ ಕಾಲು." ಈ "ಸರಿಯಾಗಿತ್ತು" ಎನ್ನುವಲ್ಲೇ ನನ್ನ ತಕರಾರು. ನೋವು ಕಡಿಮೆಯಾಗಿತ್ತು, ಅಷ್ಟೇ. ಕಾಲು ಸರಿಯಾಗಿರಲಿಲ್ಲ. ಇವತ್ತು ನಾನು ಹೇಳಲು ಬಂದದ್ದು ಇಷ್ಟನ್ನೇ. ಉಳಿದದ್ದೆಲ್ಲ ಅದರ ವಿವರ.

ಈಗ ಒಂದು ಕೆಲಸ ಮಾಡೋಣ. ಚಪ್ಪಲಿ ಬಿಡಿ. ಬಲಗಾಲನ್ನು ಎಡ ತೊಡೆಯ ಮೇಲೆ ಇಟ್ಟುಕೊಳ್ಳಿ. ಸೀರೆಯವರಿಗೆ ಕಷ್ಟವಾದರೆ ಕೂತಲ್ಲಿಂದಲೇ ಬಗ್ಗಿ ಮುಟ್ಟಿದರೂ ಆಯಿತು. ಎರಡು ಬದಿಯಲ್ಲೂ ಉಬ್ಬಿದ ಎಲುಬು ಸಿಗುತ್ತದೆ. ಹೊರಗಿನ ಉಬ್ಬು ಒಳಗಿನದ್ದಕ್ಕಿಂತ ಸ್ವಲ್ಪ ಕೆಳಗಿದೆ, ಸ್ವಲ್ಪ ಹಿಂದಿದೆ. ಗೊತ್ತಾಯಿತಾ? ಇದರಿಂದಾಗಿ ಪಾದ ಹೊರಕ್ಕೆ ಮಡಚುವುದು ಕಷ್ಟ, ಒಳಕ್ಕೆ ಮಡಚುವುದು ಸುಲಭ. ಉಳುಕುಗಳಲ್ಲಿ ಹೆಚ್ಚಿನವು ಹೊರಬದಿಯಲ್ಲಿ ಆಗುವುದಕ್ಕೆ ಕಾರಣ ಇದೇ. ಎರಡು ಉಬ್ಬುಗಳ ನಡುವೆ ಒಳಗೆ ಒಂದು ಎಲುಬು ಕೂತಿದೆ. ಟೇಲಸ್ ಅಂತ ಹೆಸರು. ಮೈಯ ಭಾರವೆಲ್ಲ ಅದರ ಮೇಲೆ ಬಿದ್ದು ಪಾದಕ್ಕೆ ಇಳಿಯಬೇಕು. ತಮಾಷೆ ಅಂದರೆ ಆ ಎಲುಬಿಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದನ್ನು ಹಿಡಿದಿಟ್ಟಿರುವುದು ಅಕ್ಕಪಕ್ಕದ ಎಲುಬುಗಳ ಆಕಾರ ಮತ್ತು ಲಿಗಮೆಂಟುಗಳು, ಅಂದರೆ ಎಲುಬನ್ನು ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿಗಳು.

ಹೊರಗಿನ ಉಬ್ಬಿನ ಮುಂದೆ, ಸ್ವಲ್ಪ ಕೆಳಗೆ ಬೆರಳಿಡಿ. ಚಿಕ್ಕ ಗುಂಡಿಯಂತಹ ಜಾಗ ಇದೆ. ಅಲ್ಲಿ ಹಾದುಹೋಗುವ ಲಿಗಮೆಂಟೇ ಮೊದಲು ಹರಿಯುವುದು. ಹೊರಬದಿಯಲ್ಲಿರುವ ಮೂರರಲ್ಲಿ ಇದೇ ದುರ್ಬಲ. ಹೊಸ ಉಳುಕಿನಲ್ಲಿ ಕೋಳಿಮೊಟ್ಟೆಯಷ್ಟು ಬಾವು ಬರುವುದೂ ಇಲ್ಲೇ.

ಈಗ ಬೆರಳನ್ನು ಹೊರಗಿನ ಉಬ್ಬಿನ ಹಿಂದಿನ ಅಂಚಿಗೆ ತನ್ನಿ. ತುದಿಯಿಂದ ಮೇಲಕ್ಕೆ ನಾಲ್ಕು ಬೆರಳಗಲ, ಅಂದರೆ ಸುಮಾರು 6 ಸೆಂಟಿಮೀಟರ್, ಎಲುಬನ್ನೇ ಒತ್ತುತ್ತಾ ಹೋಗಿ. ಒಳಬದಿಯಲ್ಲೂ ಹಾಗೆಯೇ ಮಾಡಿ. ಕಾಲು ಮಡಚಿದ ದಿನ ಈ ಅಂಚಿನಲ್ಲಿ ಒತ್ತಿದಾಗ ಜೀವ ಹೋಗುವಷ್ಟು ನೋವಾದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಹಾಕಲು ಆಗಲಿಲ್ಲ, ಆಸ್ಪತ್ರೆಗೆ ಬಂದ ಮೇಲೂ ಆಗುತ್ತಿಲ್ಲ ಅಂದರೂ ಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನಿಂದ ಹಿಂದಕ್ಕೆ ಬರುವಾಗ ಒಂದು ಗಂಟು ಸಿಗುತ್ತದಲ್ಲ, ಅಲ್ಲಿ ನೋವಾದರೂ ಬೇಕು. ಅದಕ್ಕೆ ಎದುರಾಗಿ ಪಾದದ ಒಳಬದಿಯಲ್ಲಿ, ಕಮಾನಿನ ಮೇಲೆ ಉಬ್ಬಿರುವ ಎಲುಬಿಗೂ ಇದೇ ಮಾತು. ಇದು ನಾನು ಮಾಡಿದ ಲೆಕ್ಕವಲ್ಲ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಎಂಬ ವೈದ್ಯರೂ ಅವರ ಜೊತೆಯವರೂ 1992ರಲ್ಲಿ ಪ್ರಕಟಿಸಿದ್ದು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಎಲುಬು ಮುರಿದದ್ದು ಈ ಪರೀಕ್ಷೆಯ ಕಣ್ಣು ತಪ್ಪಿಸುವುದು ಬಹಳ ಅಪರೂಪ. ಆದರೆ ಕುಡಿದು ಬಿದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ, ಸಣ್ಣ ಮಕ್ಕಳಿಗೆ ಇದನ್ನು ನಂಬಿ ಕೂರಬೇಡಿ.

ಎಲುಬು ಮುರಿದಿಲ್ಲ ಅಂತಿಟ್ಟುಕೊಳ್ಳಿ. ಮತ್ತೆ ಯಾಕೆ ನೋವು ಉಳಿಯುತ್ತದೆ?

1965ರಲ್ಲಿ ಫ್ರೀಮನ್ ಎಂಬ ಬ್ರಿಟಿಷ್ ಸರ್ಜನ್ ಒಂದು ವಿಷಯ ಗಮನಿಸಿದರು. ಉಳುಕು ವಾಸಿಯಾದ ಎಷ್ಟೋ ಜನ ಮತ್ತೆ ಮತ್ತೆ ಕಾಲು ಮಡಚಿಕೊಳ್ಳುತ್ತಿದ್ದರು. ಅದೇ ಕಾಲಲ್ಲಿ ನಿಲ್ಲಿಸಿದರೆ ಓಲಾಡುತ್ತಿದ್ದರು. ಲಿಗಮೆಂಟ್ ಬರೀ ಹಗ್ಗ ಅಲ್ಲ, ಅದರೊಳಗೆ ನರದ ತುದಿಗಳಿವೆ, ಪಾದ ಯಾವ ಕಡೆ ವಾಲುತ್ತಿದೆ ಅಂತ ಸುದ್ದಿ ಕಳಿಸುವುದು ಅವೇ, ಉಳುಕಿದಾಗ ಅವೂ ಹಾಳಾಗುತ್ತವೆ ಅಂತ ಅವರು ಹೇಳಿದರು. ಓಲಾಡುವ ಹಲಗೆಯ ಮೇಲೆ ನಿಂತು ಅಭ್ಯಾಸ ಮಾಡಿದವರಲ್ಲಿ ಈ ತೊಂದರೆ ಕಡಿಮೆಯಾಗುತ್ತದೆ ಅಂತಲೂ ತೋರಿಸಿದರು. ಅವರ ವಿವರಣೆಯನ್ನು ಈಗ ಸ್ವಲ್ಪ ತಿದ್ದಿದ್ದಾರೆ. ಬರೀ ಲಿಗಮೆಂಟ್ ಅಲ್ಲ, ಮೀನಖಂಡದ ಪಕ್ಕದ ಸ್ನಾಯುಗಳು ತಡವಾಗಿ ಎಚ್ಚರವಾಗುವುದು, ಮಿದುಳು ಆ ಕಾಲನ್ನು ನಂಬದಿರುವುದು, ಎಲ್ಲ ಸೇರಿದೆ. ಆದರೆ ಚಿಕಿತ್ಸೆ ಹೆಚ್ಚುಕಡಿಮೆ ಅದೇ ಉಳಿದಿದೆ.

ಇದನ್ನು ನಾನು ಅತಿ ಚೆನ್ನಾಗಿ ಕಂಡದ್ದು ಒಬ್ಬ ಯಕ್ಷಗಾನ ಕಲಾವಿದರಲ್ಲಿ. ಹೆಸರು ಬೇಡ, ಇಲ್ಲಿ ಹೇಳಿದರೆ ಎಲ್ಲರಿಗೂ ಗೊತ್ತಾಗ್ತದೆ. ಪುಂಡುವೇಷದವರು, ಚುರುಕು ಕುಣಿತದ ಎಳೆಯ ವೀರರ ಪಾತ್ರ ಮಾಡುವವರು. ತೆಂಕುತಿಟ್ಟಿನ ಧೀಂಗಿಣ, ಆ ಗಿರಗಿರನೆ ಸುತ್ತಿ ಹಾರುವ ಕುಣಿತ, ನೀವು ನೋಡಿದ್ದೀರಿ, ನಾನು ವರ್ಣಿಸಬೇಕಾಗಿಲ್ಲ. ಗದ್ದೆಯಲ್ಲಿ ಹಾಕಿದ ರಂಗಸ್ಥಳದ ಹಲಗೆಯ ಸಂದಿಯಲ್ಲಿ ಕಾಲು ಮಡಚಿತು. ನಡು ತಿರುಗಾಟದಲ್ಲಿ ರಜೆ ಎಲ್ಲಿಂದ? ಚೌಕಿಯಲ್ಲಿ ಕ್ರೇಪ್ ಬ್ಯಾಂಡೇಜ್ ಬಿಗಿದು, ಅದರ ಮೇಲೆ ಗೆಜ್ಜೆ ಕಟ್ಟಿ, ಒಂದು ಮಾತ್ರೆ ನುಂಗಿ ಕುಣಿದರು. ಮೇ ಕೊನೆಗೆ ಪತ್ತನಾಜೆ ಕಳೆದು, ತಿರುಗಾಟ ಮುಗಿದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ನನ್ನಲ್ಲಿಗೆ ಬಂದರು. "ದಾರಿಯಲ್ಲಿ ನಡೆಯಲು ಏನೂ ಇಲ್ಲ ಡಾಕ್ಟ್ರೇ, ಹಾರಿ ಇಳಿಯುವಾಗ ಕಾಲು ನನ್ನದಲ್ಲ ಅಂತ ಅನಿಸ್ತದೆ" ಅಂದರು. ಬಾವು ಇರಲಿಲ್ಲ. ಎಕ್ಸ್‌ರೇ ಸರಿಯಿತ್ತು. ಗೋಡೆಯ ಹತ್ತಿರ ಒಂಟಿ ಕಾಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದೆ. ಎಡಗಾಲಲ್ಲಿ ಕಂಬದ ಹಾಗೆ ನಿಂತರು. ಬಲಗಾಲಲ್ಲಿ ಕಣ್ಣು ಮುಚ್ಚಿದ್ದೇ ತಡ, ಗೋಡೆ ಹಿಡಿದರು. ಇಡೀ ರಾತ್ರಿ ಕುಣಿಯುವ ಮನುಷ್ಯ! ಅವರ ಮುಖದಲ್ಲಿ ಗಾಬರಿ ಬಂದದ್ದು ಆಗಲೇ. ಆ ಮಳೆಗಾಲ ಪೂರ್ತಿ ಅಭ್ಯಾಸ ಮಾಡಿಸಿದೆವು. ದೀಪಾವಳಿ ನಂತರ ತಿರುಗಾಟಕ್ಕೆ ಹೋದರು, ಕಾಲುಚೀಲದ ಒಳಗೆ ಹರಡನ್ನು ಬಿಗಿ ಹಿಡಿಯುವ, ಲೇಸ್ ಕಟ್ಟುವ ಬ್ರೇಸ್ ಹಾಕಿಕೊಂಡು.

ನೀವೂ ಇವತ್ತು ಮನೆಗೆ ಹೋಗಿ ಈ ಪರೀಕ್ಷೆ ಮಾಡಿ ನೋಡಿ. ಪಕ್ಕದಲ್ಲಿ ಹಿಡಿಯಲು ಮೇಜು ಇರಲಿ. ವಯಸ್ಸಾದವರು ಕಣ್ಣು ಮುಚ್ಚುವುದು ಬೇಡ, ಕಣ್ಣು ಬಿಟ್ಟೇ ಎರಡು ಕಾಲನ್ನೂ ಹೋಲಿಸಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಹರಡಿನ ನೋವೆಲ್ಲ ಉಳುಕಿನದ್ದಲ್ಲ. ಬೀಳಲಿಲ್ಲ, ಮಡಚಲಿಲ್ಲ, ನೋವು ಮಾತ್ರ ಬಂದಿದೆ ಅಂದರೆ ಬೇರೆ ದಿಕ್ಕಿನಲ್ಲಿ ಯೋಚಿಸಬೇಕು. ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಇರುವುದು ಸಕ್ಕರೆ ಕಾಯಿಲೆಯವರ ಕಾಲಿನದ್ದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ಶೇಕಡ 25.5 ಮಂದಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ಈ ಸಾಲಿನಲ್ಲಿ ಕೂತ ನಾಲ್ವರಲ್ಲಿ ಒಬ್ಬರಿಗೆ ಇರಬಹುದು. ಹಲವು ವರ್ಷ ಸಕ್ಕರೆ ಇದ್ದವರಿಗೆ ಪಾದದ ನರ ಮಂಕಾಗುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಅಂಥವರ ಹರಡು ಅಥವಾ ಪಾದ ಒಂದು ದಿನ ಕೆಂಪಾಗಿ ಊದಿಕೊಳ್ಳುತ್ತದೆ. ಮುಟ್ಟಿದರೆ ಇನ್ನೊಂದು ಕಾಲಿಗಿಂತ ಬಿಸಿ. ಗಾಯ ಇಲ್ಲ, ಜ್ವರ ಇಲ್ಲ, ನೋವೂ ಅಷ್ಟಾಗಿ ಇಲ್ಲ. ನೋವಿಲ್ಲ ಅಂತ ನಡೆಯುತ್ತಲೇ ಇರುತ್ತಾರೆ. ಒಳಗೆ ಎಲುಬುಗಳು ಮೆತ್ತಗಾಗಿ ಪುಡಿಯಾಗುತ್ತಾ ಇರುತ್ತವೆ. ಶಾರ್ಕೋ ಪಾದ ಅಂತ ಇದಕ್ಕೆ ಹೆಸರು. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯರು 1868ರಲ್ಲಿ ಇಂಥ ಕೀಲುಗಳನ್ನು ವಿವರಿಸಿದಾಗ ಅವು ಬೇರೆ ಕಾಯಿಲೆಯಿಂದ ಬರುತ್ತಿದ್ದವು. ಈಗ ಮುಖ್ಯ ಕಾರಣ ಸಕ್ಕರೆ.

ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಹಾಗಾಗಿ "ಫೋಟೋ ಸರಿ ಇದೆ" ಅಂತ ಮನೆಗೆ ಬಂದು ತಿರುಗಾಡಿದರೆ ಕೆಲವೇ ವಾರಗಳಲ್ಲಿ ಪಾದದ ಆಕಾರವೇ ಹೋಗುತ್ತದೆ. ಅಂಗಾಲು ಕಮಾನು ಕಳೆದುಕೊಂಡು ದೋಣಿಯ ತಳದ ಹಾಗೆ ಉಬ್ಬುತ್ತದೆ, ಅಲ್ಲಿ ಹುಣ್ಣಾಗುತ್ತದೆ. ಬೇಗ ಹಿಡಿದರೆ ಚಿಕಿತ್ಸೆ ಸರಳ. ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಆ ಕಾಲಿಗೆ ಭಾರ ಕೊಡದಿರುವುದು. ಹೇಳಲು ಸರಳ, ಮಾಡಲು ಮನೆಯವರೆಲ್ಲ ಒಟ್ಟಾಗಬೇಕು. ಸಕ್ಕರೆ ಇದ್ದವರಿಗೆ ಒಂದು ಕಾಲು ಬಿಸಿಯಾಗಿ ಊದಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ನಾಳೆ ಅನ್ನಬೇಡಿ. ಎಣ್ಣೆ ತಿಕ್ಕಬೇಡಿ. ಬಿಸಿನೀರಿನ ಶಾಖ ಕೊಡಲೇಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ, ಎರಡು ಕಾಲಿನಲ್ಲೂ, ಜೊತೆಗೆ ಕೈಬೆರಳಿನ ಗಂಟುಗಳಲ್ಲೂ ಇದ್ದರೆ ಅದು ವಾತರೋಗದ ಕಡೆಗೆ ಬೆರಳು ತೋರಿಸುತ್ತದೆ. ರಾತ್ರಿ ಮಲಗುವಾಗ ಏನೂ ಇಲ್ಲ, ಬೆಳಗಾಗುವಾಗ ಹೊದಿಕೆ ತಾಗಿದರೂ ತಡೆಯದಷ್ಟು ನೋವು ಅಂದರೆ ಗೌಟ್ ಇರಬಹುದು, ಯೂರಿಕ್ ಆ್ಯಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು. ಹೆಚ್ಚಾಗಿ ಹೆಬ್ಬೆರಳಿನ ಬುಡಕ್ಕೆ ಬರುತ್ತದೆ, ಹರಡಿಗೂ ಬರುತ್ತದೆ. ಚಿಕುನ್‌ಗುನ್ಯಾ ಬಂದು ಹೋದವರಿಗೆ ಹರಡು ತಿಂಗಳುಗಟ್ಟಲೆ ನೋಯುವುದುಂಟು. ನಡುವಯಸ್ಸಿನ ಹೆಂಗಸರಲ್ಲಿ ಒಳಬದಿಯ ಉಬ್ಬಿನ ಹಿಂದೆ ನೋವು, ಪಾದ ನಿಧಾನವಾಗಿ ಚಪ್ಪಟೆಯಾಗುವುದು, ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಆಗದಿರುವುದು, ಇವು ಒಂದು ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಸವೆಯುತ್ತಿರುವ ಲಕ್ಷಣ. ಇದನ್ನು "ತೂಕ ಜಾಸ್ತಿ ಆಯ್ತು ಅಕ್ಕ, ಹಾಗೆ" ಅಂತ ತಳ್ಳಿಹಾಕುವುದನ್ನು ನಾನು ಕೇಳಿ ಕೇಳಿ ಬೇಸತ್ತಿದ್ದೇನೆ. ತಿಂಗಳುಗಟ್ಟಲೆ ಊದಿಯೇ ಇರುವ ಕೀಲು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಎಲುಬಿನ ಕ್ಷಯವನ್ನೂ ನೋಡಬೇಕು. ಕೀಲು ಕೆಂಪಾಗಿ ಜೋರು ಜ್ವರ ಬಂದರೆ, ಅಥವಾ ಒಂದೇ ಮೀನಖಂಡ ಊದಿ ಬಿಗಿದು ಉಸಿರಾಟಕ್ಕೆ ತೊಂದರೆಯಾದರೆ, ಓಪಿಗೆ, ಅಂದರೆ ಹೊರರೋಗಿಗಳ ಸರದಿಗೆ, ಕಾಯುವುದಲ್ಲ, ನೇರ ಕ್ಯಾಶುವಾಲಿಟಿಗೆ, ತುರ್ತು ವಿಭಾಗಕ್ಕೆ.

ಎಲ್ಲಿಗೆ ಹೋಗಬೇಕು? ಕಾಲುನೋವು ಅಂದ ಕೂಡಲೇ ತಲಪಾಡಿಯ ಗಡಿ ದಾಟಿ ಕರ್ನಾಟಕದ ಮಂಗಳೂರಿಗೆ ಹೋಗುವುದು ನಮ್ಮ ಅಭ್ಯಾಸ. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿದಾಗ ಚಿಕಿತ್ಸೆಗೆ ದಾಟಲಾಗದೆ ರೋಗಿಗಳು ಪಟ್ಟ ಪಾಡು ನಿಮಗೆ ನೆನಪಿದೆ. ದೊಡ್ಡ ಆಪರೇಷನಿಗೆ ಹೋಗಬೇಕಾದರೆ ಹೋಗೋಣ. ಆದರೆ ಮೊದಲ ಪರೀಕ್ಷೆ ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಆಗಬಹುದು. ಸಕ್ಕರೆ, ಯೂರಿಕ್ ಆ್ಯಸಿಡ್ ನೋಡಲು ಮಂಗಳೂರು ಬೇಕಾಗಿಲ್ಲ. ಅಲ್ಲಿಂದ ಮುಂದೆ ಕಾಸರಗೋಡಿನ ಜನರಲ್ ಆಸ್ಪತ್ರೆ ಇದೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಇದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು. ಆಮೇಲೆ ಅದು ವರ್ಷಗಟ್ಟಲೆ ಎಳೆದ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ನಾನು ಹೇಳುವುದಿಲ್ಲ.

ಓಪಿಯಲ್ಲಿ ವೈದ್ಯರಿಗೆ ಸಿಗುವ ಸಮಯ ಕಡಿಮೆ. ಹಾಗಾಗಿ ನೀವು ತಯಾರಾಗಿ ಹೋಗಬೇಕು. ನೋವು ಯಾವಾಗ ಶುರುವಾಯಿತು, ಹೇಗೆ ಶುರುವಾಯಿತು, ಇಳಿಯುವಾಗ ಜಾಸ್ತಿಯೋ ಹತ್ತುವಾಗ ಜಾಸ್ತಿಯೋ, ಕಾಲು ಮಡಚಿಹೋಗುತ್ತದೋ, ಒಳಗೆ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಿನ್ನುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಮಲಯಾಳ ಸರಿಯಾಗಿ ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಗಳನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನೋವು ಎಲ್ಲಿ ಅಂತ ಕೇಳಿದರೆ ಕಾಲಿಡೀ ಸವರಬೇಡಿ. ಒಂದೇ ಬೆರಳಿನಲ್ಲಿ ತೋರಿಸಿ. ಆ ಬೆರಳು ಉಬ್ಬಿನ ಮುಂದಿದೆಯೋ ಹಿಂದಿದೆಯೋ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ಮೆಡಿಕಲ್ ಅಂಗಡಿಯ ಮಾತ್ರೆಯ ಬಗ್ಗೆಯೂ ಒಂದು ಮಾತು. ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್ ಎಲ್ಲ ನೋವನ್ನು ಇಳಿಸುತ್ತವೆ, ನಿಜ. ಕೆಲವು ದಿನಕ್ಕೆ ವೈದ್ಯರು ಕೊಟ್ಟರೆ ತೆಗೆದುಕೊಳ್ಳಿ. ತಿಂಗಳುಗಟ್ಟಲೆ ಸ್ವಂತಕ್ಕೆ ಕೊಂಡು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರುವುದು. ಮುಲಾಮಿನ ರೂಪದಲ್ಲಿ ಹಚ್ಚಿದರೆ ಅಷ್ಟು ತೊಂದರೆ ಇಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ನಿಗೂ ಅದರದ್ದೇ ಜಾಗ ಇದೆ. ಆದರೆ ಹಿಮ್ಮಡಿಯ ಹಿಂದಿನ ದಪ್ಪ ನರ ಅನ್ನುತ್ತೇವಲ್ಲ, ಆ ಸ್ನಾಯುರಜ್ಜಿನ ಒಳಗೆ ಚುಚ್ಚಿಸಿಕೊಂಡರೆ ಅದು ಹರಿಯುವ ಅಪಾಯ ಇದೆ.

ಇನ್ನು ಮನೆಯಲ್ಲಿ ಮಾಡುವುದು. ಹೊಸ ಉಳುಕಾದರೆ ಮೊದಲ ಎರಡು ಮೂರು ದಿನ ಕಾಲು ಎತ್ತರದಲ್ಲಿಟ್ಟು, ಬ್ಯಾಂಡೇಜ್ ಕಟ್ಟಿ, ಬಟ್ಟೆ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ. ಆಮೇಲೆ ಹಾಸಿಗೆ ಹಿಡಿಯಬೇಡಿ. ತಡೆಯುವಷ್ಟು ನಡೆಯಿರಿ. ಹಳೆಯ ನೋವಿಗೆ, ಕಾಯಿಲೆ ಯಾವುದು ಅಂತ ಗೊತ್ತಾದ ಮೇಲೆ, ಅಭ್ಯಾಸವೇ ಮದ್ದು. ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ, ಳ ತನಕ. ಮಕ್ಕಳು ನಗಲಿ, ಪರವಾಗಿಲ್ಲ. ಹಳೆ ಸೈಕಲ್ ಟ್ಯೂಬನ್ನು ಮೇಜಿನ ಕಾಲಿಗೆ ಕಟ್ಟಿ, ಪಾದಕ್ಕೆ ಸಿಕ್ಕಿಸಿ, ಹೊರಕ್ಕೆ ಎಳೆಯಿರಿ. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ನಿಧಾನ ಇಳಿಸಿ, ಬಲ ಬಂದ ಮೇಲೆ ಒಂದೇ ಕಾಲಲ್ಲಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಅಂದು ಕಡಿಮೆ ಮಾಡಿ. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಹೆಚ್ಚಿನವರು ಮೂರನೇ ವಾರದಲ್ಲಿ ನೋವು ಹೋಯಿತು ಅಂತ ನಿಲ್ಲಿಸುತ್ತಾರೆ. ಕೆಡುವುದು ಅಲ್ಲೇ.

ಇನ್ನು ನೀವು ಕೇಳಿ.

"ಮುರಿವೆಣ್ಣ ತೈಲ ಹಚ್ಚಿದರೆ ಆಗದಾ ಮಗಾ? ನಮ್ಮ ಕಾಲದಲ್ಲಿ ಅದೇ."

ಹಚ್ಚಿ ಅಜ್ಜಿ, ನಾನೇನೂ ಬೇಡ ಅನ್ನುವುದಿಲ್ಲ. ಹಗುರ ಕೈಯಲ್ಲಿ ನೀವಿದರೆ ಬಿಗಿತ ಸಡಿಲವಾಗುತ್ತದೆ, ಹಿತ ಅನಿಸುತ್ತದೆ. ಆದರೆ ಉಳುಕಿದ ದಿನವೇ ಗಟ್ಟಿಯಾಗಿ ತಿಕ್ಕಿಸಬೇಡಿ, ಒಳಗಿನ ರಕ್ತಸ್ರಾವ ಜಾಸ್ತಿಯಾಗುತ್ತದೆ. ಉಳುಕು ತೆಗೆಯುತ್ತೇನೆ ಅಂತ ಪಾದ ಹಿಡಿದು ಲಟಕ್ ಅನಿಸುವವರ ಹತ್ತಿರ ಮಾತ್ರ ಹೋಗಬೇಡಿ. ಎಲುಬು ಬಿರುಕು ಬಿಟ್ಟಿದ್ದರೆ ಅದು ಜಾರಿಹೋಗುತ್ತದೆ.

"ಎಂಆರ್‌ಐ ಮಾಡಿಸಿದರೆ ಎಲ್ಲ ಗೊತ್ತಾಗುವುದಿಲ್ಲವಾ?"

ಎಲ್ಲರಿಗೂ ಬೇಡ. ಆರು ವಾರದಿಂದ ಮೂರು ತಿಂಗಳು ಸರಿಯಾಗಿ ಅಭ್ಯಾಸ ಮಾಡಿಯೂ ಕೀಲಿನ ಆಳದಲ್ಲಿ ನೋವಿದೆ, ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತೆ ಮತ್ತೆ ಊದುತ್ತದೆ ಅಂದರೆ ಬೇಕು. ಆಗ ಟೇಲಸ್ ಎಲುಬಿನ ಮೇಲಿನ ಕಾರ್ಟಿಲೇಜ್ ಎಂಬ ನುಣುಪು ಹೊದಿಕೆ ಕಿತ್ತುಹೋಗಿದೆಯಾ ಅಂತ ನೋಡುತ್ತಾರೆ. ಎಕ್ಸ್‌ರೇಯಲ್ಲಿ ಅದು ಹಲವು ಸಲ ಕಾಣುವುದಿಲ್ಲ. ಲಿಗಮೆಂಟ್ ಸಡಿಲವಾಗಿಯೇ ಉಳಿದವರಿಗೆ ಅದನ್ನು ಬಿಗಿ ಮಾಡುವ ಆಪರೇಷನ್ ಇದೆ. ಸ್ವೀಡನ್ನಿನ ಬ್ರೋಸ್ಟ್ರೋಮ್ 1966ರಲ್ಲಿ ವಿವರಿಸಿದ ವಿಧಾನವನ್ನು ಸ್ವಲ್ಪ ಬದಲಿಸಿ ಈಗಲೂ ಮಾಡುತ್ತಾರೆ. ಆದರೆ ಆಪರೇಷನ್ ಆದರೂ ಆಮೇಲೆ ನನ್ನ ಹತ್ತಿರವೇ ಬಂದು ಒಂಟಿ ಕಾಲಲ್ಲಿ ನಿಲ್ಲಬೇಕು. ತಪ್ಪಿಸಿಕೊಳ್ಳಲು ಆಗುವುದಿಲ್ಲ.

"ಯಾವ ಚಪ್ಪಲಿ ಒಳ್ಳೆಯದು?"

ಹಿಮ್ಮಡಿಯನ್ನು ಹಿಡಿಯುವ ಪಟ್ಟಿ ಇರುವಂಥದ್ದು, ತಳ ಸವೆಯದಂಥದ್ದು. ನಿಮ್ಮ ಚಪ್ಪಲಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ ಮಾಷ್ಟ್ರೇ. ಒಂದು ಬದಿಗೆ ವಾಲಿದ್ದರೆ ಬದಲಿಸಿ. ತೋಟಕ್ಕೆ ಹವಾಯಿ ಚಪ್ಪಲಿ ಬೇಡವೇ ಬೇಡ.

"ನನ್ನದು ಅಡಿಕೆ ಕೊಯ್ಯುವ ಕೆಲಸ. ಕಾಲು ಉಳುಕಿ ಎರಡು ತಿಂಗಳಾಯ್ತು. ಮರ ಯಾವಾಗ ಹತ್ತಬಹುದು?"

ತಳೆ, ಅಂದರೆ ಕಾಲಿಗೆ ಸಿಕ್ಕಿಸುವ ಹಗ್ಗದ ಬಳೆ, ಹಾಕಿ ಹತ್ತುವಾಗ ಎರಡೂ ಪಾದ ಒಳಕ್ಕೆ ತಿರುಗಿ ಮರವನ್ನು ಒತ್ತಿ ಹಿಡಿಯಬೇಕು ಅಲ್ವಾ ಅಣ್ಣ? ಹರಿದ ಲಿಗಮೆಂಟಿಗೆ ಅದೇ ಭಂಗಿ ಕಷ್ಟದ್ದು. ಹಾಗಾಗಿ ದಿನದ ಲೆಕ್ಕ ಬೇಡ. ಆ ಒಂದೇ ಕಾಲಲ್ಲಿ ಅರ್ಧ ನಿಮಿಷ ಅಲ್ಲಾಡದೆ ನಿಲ್ಲಬೇಕು. ಅದೇ ಕಾಲಲ್ಲಿ ಹಿಮ್ಮಡಿಯನ್ನು ಇನ್ನೊಂದು ಕಾಲಿನಷ್ಟೇ ಸಲ ಎತ್ತಬೇಕು. ಅಂಗಳದಲ್ಲಿ ಕುಂಟುತ್ತಾ ಹಾರಿ ಇಳಿದಾಗ ಹೆದರಿಕೆ ಆಗಬಾರದು. ಇವು ಮೂರೂ ಆದರೆ ಮೊದಲು ಗಿಡ್ಡ ಮರ ಹತ್ತಿ, ಒಣಗಿದ ದಿನ ನೋಡಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡು. ಅಲ್ಲಿಯವರೆಗೆ ದೋಟಿಯಲ್ಲಿ ಎಟಕುವಷ್ಟು ಕೊಯ್ದರೆ ಸಾಕು. ಒಂದು ಮರದಿಂದ ಇನ್ನೊಂದಕ್ಕೆ ಮೇಲಿನಿಂದಲೇ ದಾಟುವುದು ಈ ಸಲದ ಕೊಯ್ಲಿಗೆ ಬೇಡ.